10,363 ಸ್ನ್ಯಾಪ್‌ಗಳ ಲೆಕ್ಕ: ಲೆಫ್ಟ್ ಟ್ಯಾಕಲ್ ಜೋ ಥಾಮಸ್ ವೃತ್ತಿಜೀವನ, ಒಂದು ಪ್ರಕರಣ ಅಧ್ಯಯನ

2017ರ ಅಕ್ಟೋಬರ್ 22, ಭಾನುವಾರ. ಅಮೆರಿಕನ್ ಫುಟ್‌ಬಾಲ್ ತಂಡಗಳಾದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮತ್ತು ಟೆನೆಸಿ ಟೈಟನ್ಸ್ ನಡುವಿನ ಪಂದ್ಯದ ಮೂರನೇ ಕ್ವಾರ್ಟರ್. ಚೆಂಡು ಹಿಡಿದು ಓಡುವ ಸಾಧಾರಣ ಆಟವೊಂದರಲ್ಲಿ ಎದುರಾಳಿಯನ್ನು ತಡೆಯುತ್ತಿದ್ದ ಬ್ರೌನ್ಸ್‌ನ 73ನೇ ನಂಬರಿನ ಆಟಗಾರ ಎಡಗೈ ಹಿಡಿದುಕೊಂಡು ನೆಲಕ್ಕುರುಳಿದರು. ಟ್ರೈಸೆಪ್ಸ್ ಹರಿದಿತ್ತು. 2007ರ ಸೆಪ್ಟೆಂಬರ್ 9ರಿಂದ ಆ ಕ್ಷಣದವರೆಗೆ, 167 ಪಂದ್ಯಗಳಲ್ಲಿ, ತಂಡ ಆಕ್ರಮಣಕ್ಕಿಳಿದ ಒಂದೇ ಒಂದು ಸರದಿಯನ್ನೂ ಜೋ ಥಾಮಸ್ ತಪ್ಪಿಸಿರಲಿಲ್ಲ. ಒಟ್ಟು 10,363 ಸ್ನ್ಯಾಪ್, ಅಂದರೆ ಚೆಂಡು ಅಷ್ಟು ಸಲ ಆಟಕ್ಕೆ ಬಂದದ್ದು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಸ್ನ್ಯಾಪ್‌ಗಳ ಎಣಿಕೆ ಶುರುವಾದದ್ದು 1999ರಲ್ಲಿ. ಆ ಎಣಿಕೆಯಲ್ಲಿ ಇಷ್ಟು ಉದ್ದದ ಸರಣಿ ಇನ್ನೊಂದಿಲ್ಲ.

ಎಸೆಯುವವನಿಗೆ ಗಜಗಳ ಲೆಕ್ಕವಿದೆ, ಹಿಡಿಯುವವನಿಗೂ ಓಡುವವನಿಗೂ ಇದೆ. ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಲೈನ್‌ಮನ್‌ಗೆ ಸ್ಕೋರ್‌ಪಟ್ಟಿಯಲ್ಲಿ ಒಂದು ಅಂಕಣವೂ ಇಲ್ಲ. ಅವನ ಕೆಲಸವನ್ನು ಅಳೆಯಲು ಇರುವುದು ಹಾಜರಿ ಪುಸ್ತಕ ಮತ್ತು ಪಂದ್ಯದ ವಿಡಿಯೊ, ಇವೆರಡೇ. ಥಾಮಸ್ ದಾಖಲೆಯ ಒಂದು ಪುಟದಲ್ಲಿ ಸತತ 10 ಪ್ರೋ ಬೌಲ್ (ಲೀಗ್‌ನ ತಾರೆಯರ ಪಂದ್ಯ) ಆಯ್ಕೆ, 6 ಬಾರಿ ಆಲ್-ಪ್ರೋ (ವರ್ಷದ ಅತ್ಯುತ್ತಮರ ಪಟ್ಟಿ) ಮೊದಲ ತಂಡ, ಅರ್ಹತೆ ಸಿಕ್ಕ ಮೊದಲ ವರ್ಷದಲ್ಲೇ ಹಾಲ್ ಆಫ್ ಫೇಮ್. ಪಕ್ಕದ ಪುಟದಲ್ಲಿ 48 ಗೆಲುವು, 119 ಸೋಲು, ಪ್ಲೇಆಫ್ ಪಂದ್ಯ ಒಂದೂ ಇಲ್ಲ. ಎರಡೂ ಒಬ್ಬರದೇ ಪುಟಗಳು. ಎರಡೂ ಹೇಗೆ ಏಕಕಾಲಕ್ಕೆ ನಿಜವಾದವು ಎಂಬುದನ್ನು ಇಲ್ಲಿ ಬಿಡಿಸಿ ನೋಡುತ್ತಿದ್ದೇವೆ.

ಕೆಲಸ ಏನು

ಆಕ್ರಮಣದ ತಂಡದ 11 ಜನರಲ್ಲಿ 5 ಜನ ಲೈನ್‌ಮನ್‌ಗಳು. ನಡುವೆ ಸೆಂಟರ್, ಅವನ ಆಚೀಚೆ ಇಬ್ಬರು ಗಾರ್ಡ್, ಎರಡು ತುದಿಗಳಲ್ಲಿ ಇಬ್ಬರು ಟ್ಯಾಕಲ್. ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ, ಆಟ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೈಗೆ ದಾಟಿಸುವುದೇ ಸ್ನ್ಯಾಪ್. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್ ಎಸೆತಕ್ಕೆ ಸಜ್ಜಾಗಿ ನಿಂತಾಗ ಅವನ ಬೆನ್ನು ಎಡ ತುದಿಯ ಕಡೆಗಿರುತ್ತದೆ. ಆ ಕಾಣದ ಮಗ್ಗುಲನ್ನು ಕಾಯುವವನು ಲೆಫ್ಟ್ ಟ್ಯಾಕಲ್. ಎದುರಿಗೆ ನಿಲ್ಲುವವನು ಸಾಮಾನ್ಯವಾಗಿ ಎದುರಾಳಿ ತಂಡದ ಅತಿ ಚುರುಕಿನ ದಾಳಿಕೋರ. ಥಾಮಸ್‌ಗೆ ವರ್ಷಕ್ಕೆ ಎರಡೆರಡು ಸಲ ಎದುರಾಗುತ್ತಿದ್ದವರು ಪಿಟ್ಸ್‌ಬರ್ಗ್‌ನ ಜೇಮ್ಸ್ ಹ್ಯಾರಿಸನ್, ಬಾಲ್ಟಿಮೋರ್‌ನ ಟೆರೆಲ್ ಸಗ್ಸ್‌ರಂಥವರು.

ಎಸೆತದ ಆಟದಲ್ಲಿ ಟ್ಯಾಕಲ್ ಕಾಯಬೇಕಾದದ್ದು ಎರಡೂವರೆ, ಮೂರು ಸೆಕೆಂಡು. ಎದುರಾಳಿಯ ಅಂಗಿಯನ್ನು ಹಿಡಿದೆಳೆದರೆ ತಂಡಕ್ಕೆ 10 ಗಜ ದಂಡ, ಸ್ನ್ಯಾಪ್‌ಗೆ ಮೊದಲೇ ಕದಲಿದರೆ 5 ಗಜ. ದಾಳಿಕೋರ 20 ಸಲ ಸೋತು ಒಂದು ಸಲ ಗೆದ್ದರೆ ಅವನಿಗದು ಒಳ್ಳೆಯ ದಿನ. ಟ್ಯಾಕಲ್ 20 ಸಲ ಗೆದ್ದು ಒಂದು ಸಲ ಸೋತರೆ ಕ್ವಾರ್ಟರ್‌ಬ್ಯಾಕ್ ಸ್ಟ್ರೆಚರ್ ಮೇಲೆ ಹೋಗಬಹುದು. ಈ ಹುದ್ದೆಗೆ ಬೇಕಾದ ಸ್ವಭಾವ ಇಲ್ಲಿಯೇ ಗೊತ್ತಾಗುತ್ತದೆ. ಪ್ರತಿ ಸಲವೂ ಸಾಕಷ್ಟು ಚೆನ್ನಾಗಿ ಮಾಡುವವನು ಬೇಕು. ಒಂದೊಂದು ಸಲ ಅದ್ಭುತವಾಗಿ ಮಾಡುವವನಿಂದ ಪ್ರಯೋಜನವಿಲ್ಲ.

ಆಯ್ಕೆಯ ದಿನ, ಅದಕ್ಕೂ ಮುಂಚೆ

ಥಾಮಸ್ ಹುಟ್ಟಿದ್ದು 1984ರ ಡಿಸೆಂಬರ್ 4ರಂದು, ವಿಸ್ಕಾನ್ಸಿನ್‌ನ ಬ್ರೂಕ್‌ಫೀಲ್ಡ್‌ನಲ್ಲಿ. ಓದಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಫುಟ್‌ಬಾಲ್ ಜೊತೆಗೆ ಗುಂಡು ಎಸೆತ, ಚಕ್ರ ಎಸೆತದಲ್ಲೂ ಸ್ಪರ್ಧಿಸುತ್ತಿದ್ದರು. ಇದನ್ನು ಹವ್ಯಾಸವೆಂದು ತಳ್ಳಿಹಾಕುವ ಹಾಗಿಲ್ಲ. ಚಕ್ರ ಎಸೆಯುವವನು ಸಣ್ಣ ವೃತ್ತದೊಳಗೆ ಸೊಂಟವನ್ನು ತಗ್ಗಿಸಿಟ್ಟುಕೊಂಡು, ಪಾದದ ಮುಂಭಾಗದ ಮೇಲೆ ತಿರುಗುತ್ತಾ ಸಮತೋಲ ಕಾಪಾಡಬೇಕು. ಟ್ಯಾಕಲ್‌ಗೆ ಬೇಕಾದದ್ದೂ ಹೆಚ್ಚುಕಡಿಮೆ ಅದೇ.

2006ರ ಜನವರಿ 2ರ ಕ್ಯಾಪಿಟಲ್ ಒನ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ, ಆಬರ್ನ್ ವಿರುದ್ಧ, ರಕ್ಷಣೆಯ ಸಾಲಿನಲ್ಲಿ ಜನ ಸಾಲದೆ ಥಾಮಸ್ ಅವರನ್ನು ಆ ಸಾಲಿನ ತುದಿಯ ಡಿಫೆನ್ಸಿವ್ ಎಂಡ್ ಆಗಿಯೂ ಆಡಿಸಲಾಯಿತು. ಅಲ್ಲಿ ಬಲ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿಬಂಧ ಹರಿಯಿತು. ಅವರು ಲೀಗ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವೃತ್ತಿಪರ ಆಯ್ಕೆಗೆ ಹೋಗದೆ ಕಾಲೇಜಿಗೇ ಮರಳಿದರು, ಶಸ್ತ್ರಚಿಕಿತ್ಸೆ ಮುಗಿಸಿ 2006ರ ಸೀಸನ್ ಆಡಿದರು, ದೇಶದ ಅತ್ಯುತ್ತಮ ಒಳಸಾಲಿನ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದರು. ಬರುವ ಹಣಕ್ಕಾಗಿ ಅರ್ಧ ವಾಸಿಯಾದ ಕಾಲಿನೊಂದಿಗೆ ಹೊರಡದೆ ಒಂದು ವರ್ಷ ಕಾದದ್ದು ಇಡೀ ವೃತ್ತಿಜೀವನದ ಸರಿಯಾದ ನಿರ್ಧಾರಗಳಲ್ಲಿ ಮೊದಲನೆಯದು ಎಂಬುದು ನಮ್ಮ ಅಭಿಪ್ರಾಯ.

2007ರ ಏಪ್ರಿಲ್ 28ರ ಆಯ್ಕೆಯಲ್ಲಿ ಮೊದಲನೆಯ ಹೆಸರು ಓಕ್ಲೆಂಡ್ ಆರಿಸಿದ ಕ್ವಾರ್ಟರ್‌ಬ್ಯಾಕ್ ಜಮಾರ್ಕಸ್ ರಸೆಲ್, ಎರಡನೆಯದು ಡೆಟ್ರಾಯಿಟ್ ಆರಿಸಿದ ಕ್ಯಾಲ್ವಿನ್ ಜಾನ್ಸನ್, ಮೂರನೆಯದು ಥಾಮಸ್. ನ್ಯೂಯಾರ್ಕ್‌ನ ವೇದಿಕೆಗೆ ಅವರು ಹೋಗಿರಲಿಲ್ಲ. ತಂದೆಯ ಜೊತೆ ಮಿಷಿಗನ್ ಸರೋವರದಲ್ಲಿ ದೋಣಿಯ ಮೇಲೆ ಮೀನು ಹಿಡಿಯುತ್ತಿದ್ದರು. ಕ್ಲೀವ್‌ಲ್ಯಾಂಡ್‌ನ ಕರೆ ಅಲ್ಲಿಗೇ ಬಂತು.

ಆಯ್ಕೆಗೆ ಮೊದಲಿನ ಅಳತೆಗಳಲ್ಲಿ ಎತ್ತರ ಆರೂವರೆ ಅಡಿಗಿಂತ ಚೂರು ಹೆಚ್ಚು, ತೂಕ 311 ಪೌಂಡ್, ಅಂದರೆ ಸುಮಾರು 141 ಕಿಲೊ. ಕಣ್ಣಿಗೆ ಬೀಳುವ ಕೊರತೆ ಒಂದೇ: ತೋಳಿನ ಉದ್ದ 32.5 ಇಂಚು. ಟ್ಯಾಕಲ್‌ಗೆ 33, 34 ಇಂಚಾದರೂ ಇರಬೇಕು ಎಂಬುದು ಆಯ್ಕೆದಾರರಲ್ಲಿ ಬಳಕೆಯಲ್ಲಿರುವ ಅಳತೆಗೋಲು. ಉದ್ದ ತೋಳಿನವನು ಎದುರಾಳಿಯನ್ನು ಮೊದಲು ಮುಟ್ಟುತ್ತಾನೆ, ಮೊದಲು ಮುಟ್ಟಿದವನು ದೂರವನ್ನು ನಿರ್ಧರಿಸುತ್ತಾನೆ. ಅರ್ಧ ಇಂಚು, ಒಂದು ಇಂಚಿನ ಕೊರತೆ ಅಂದರೆ ಇದರಲ್ಲಿ ಸಣ್ಣದಲ್ಲ. ಥಾಮಸ್ ಆ ಕೊರತೆಯನ್ನು ಕಾಲಿನಿಂದಲೂ ಕೈಯ ಬಳಕೆಯಿಂದಲೂ ತುಂಬಿಕೊಂಡರು.

ಕಾಲು ಮತ್ತು ಕೈ

ಎಡ ತುದಿಯಲ್ಲಿ ನಿಂತವನ ಎಡಗಾಲು ಚೂರು ಹಿಂದಿರುತ್ತದೆ, ಭಾರ ಬಲಗಾಲಿನ ಒಳಬದಿಯ ಮೇಲೆ. ಸ್ನ್ಯಾಪ್ ಆದ ಕೂಡಲೇ ಬಲಗಾಲು ನೆಲವನ್ನು ಒದೆಯುತ್ತದೆ, ಎಡಗಾಲು ಹಿಂದಕ್ಕೂ ಹೊರಕ್ಕೂ ಜಾರುತ್ತದೆ, ಬಲಗಾಲು ನೆಲ ಬಿಡದಷ್ಟು ತಗ್ಗಿನಲ್ಲಿ ಅದನ್ನು ಹಿಂಬಾಲಿಸುತ್ತದೆ. ಇದಕ್ಕೆ ಕಿಕ್ ಸ್ಲೈಡ್ ಎನ್ನುತ್ತಾರೆ. ಪಾದಗಳು ಒಂದಕ್ಕೊಂದು ತಾಗಬಾರದು, ದಾಟಲೇಬಾರದು. ಸೊಂಟ ಕೆಳಗೆ, ಬೆನ್ನು ನೆಟ್ಟಗೆ, ತಲೆ ಹಿಂದೆ. 141 ಕಿಲೊ ತೂಕದ ಮನುಷ್ಯ ಹಿಮ್ಮುಖವಾಗಿ, ಓರೆಯಾಗಿ ಸರಿಯುತ್ತಾ, ಮುಮ್ಮುಖವಾಗಿ ಓಡಿ ಬರುವವನಿಗಿಂತ ಮೊದಲು ಜಾಗ ಹಿಡಿಯಬೇಕು.

ತಪ್ಪುಗಳು ಇಲ್ಲಿ ಸರಪಳಿಯಂತೆ ಬರುತ್ತವೆ. ಹೊರಗಿನಿಂದ ಸುತ್ತಿ ಬರುವ ವೇಗಕ್ಕೆ ಹೆದರಿ ಅತಿಯಾಗಿ ಹಿಂದೆ ಸರಿದರೆ ಒಳದಾರಿ ತೆರೆದುಕೊಳ್ಳುತ್ತದೆ. ಎದುರಾಳಿ ಗಿರ್ರನೆ ತಿರುಗಿ ಒಳಗೆ ನುಗ್ಗುತ್ತಾನೆ. ಒಳದಾರಿಗೆ ಹೆದರಿ ನಿಂತಲ್ಲೇ ನಿಂತರೆ ಹೊರಗಿನ ಅಂಚು ಹೋಯಿತು. ಗಾಬರಿಯಲ್ಲಿ ಸೊಂಟವನ್ನು ಬದಿಗೆರೆಯ ಕಡೆ ತಿರುಗಿಸಿದರೆ ಬಾಗಿಲು ತೆರೆದಿಟ್ಟಂತೆ, ಎದುರಾಳಿ ಎದೆಗೆ ಗುದ್ದಿ ನೇರವಾಗಿ ಕ್ವಾರ್ಟರ್‌ಬ್ಯಾಕ್ ಮಡಿಲಿಗೆ ತಳ್ಳುತ್ತಾನೆ. ತಡೆಯಲೆಂದು ತಲೆ ಮುಂದೆ ಹಾಕಿ ಬಾಗಿದರೆ ಎದುರಾಳಿ ಕೈಯನ್ನು ಕೆಳಕ್ಕೆ ಬಡಿದು ಪಕ್ಕದಿಂದ ಹೋಗುತ್ತಾನೆ, ಟ್ಯಾಕಲ್ ಮೂಗು ಮುಂದಾಗಿ ಹುಲ್ಲಿನ ಮೇಲೆ.

ಈಗ ಕೈ. ಓದುಗರು ಮನೆಯಲ್ಲೇ ಪರೀಕ್ಷಿಸಬಹುದು. ಗೋಡೆಯ ಎದುರು ನಿಂತು ಎರಡೂ ಕೈ ಒಟ್ಟಿಗೆ ನೇರವಾಗಿ ಚಾಚಿ, ಬೆರಳ ತುದಿ ಗೋಡೆಗೆ ತಾಗುವಷ್ಟು ದೂರದಲ್ಲಿ ಪಾದ ಇಡಿ. ಆಮೇಲೆ ನಾಲ್ಕು ಬೆರಳಿನಷ್ಟು ಹಿಂದೆ ಸರಿದು ಒಂದೇ ಕೈ ಚಾಚಿ. ಆಗಲೂ ಗೋಡೆ ಸಿಗುತ್ತದೆ, ಏಕೆಂದರೆ ಒಂದೇ ಕೈ ಚಾಚಿದಾಗ ಆ ಕಡೆಯ ಭುಜವೂ ತಿರುಗಿ ಮುಂದೆ ಬರುತ್ತದೆ. ಹಳೆಯ ಪಾಠದಲ್ಲಿ ಟ್ಯಾಕಲ್ ಎರಡೂ ಕೈಯಿಂದ ಒಟ್ಟಿಗೆ ಗುದ್ದಬೇಕಿತ್ತು. ಎದುರಾಳಿ ಆ ಗುದ್ದಿಗೇ ಕಾದಿದ್ದು ಎರಡೂ ಕೈಯನ್ನು ಒಂದೇ ಏಟಿಗೆ ಬದಿಗೆ ಬಡಿದರೆ ಟ್ಯಾಕಲ್ ಬಳಿ ಮತ್ತೇನೂ ಉಳಿಯುವುದಿಲ್ಲ. ಥಾಮಸ್ ಕೈಗಳನ್ನು ಬಿಡಿಬಿಡಿಯಾಗಿ ಬಳಸುತ್ತಿದ್ದರು. ಒಂದು ಕೈ ಮುಟ್ಟಿ ದೂರ ಹಿಡಿಯುತ್ತದೆ, ಎದುರಾಳಿ ಅದನ್ನು ಬಡಿದರೆ ಇನ್ನೊಂದು ಅಷ್ಟರಲ್ಲಿ ಎದೆಗೆ ಕೂತಿರುತ್ತದೆ. 32.5 ಇಂಚಿನ ತೋಳು ಹೀಗೆ ಉದ್ದವಾಯಿತು.

ಇನ್ನೊಂದು ಉಪಾಯವೂ ಅಷ್ಟೇ ಮುಖ್ಯ. ದಾಳಿಕೋರ ಹೆಜ್ಜೆ ಎಣಿಸಿಕೊಂಡು ಬರುತ್ತಾನೆ. ಇಂತಿಷ್ಟನೇ ಹೆಜ್ಜೆಗೆ ಟ್ಯಾಕಲ್ ಇಂಥಲ್ಲಿರುತ್ತಾನೆ, ಆಗ ಈ ಕೈಚಳಕ ಎಂದು ವಾರವಿಡೀ ವಿಡಿಯೊ ನೋಡಿ ಲೆಕ್ಕ ಹಾಕಿರುತ್ತಾನೆ. ಪ್ರತಿ ಸಲ ಒಂದೇ ಆಳಕ್ಕೆ ಸರಿಯುವ ಟ್ಯಾಕಲ್ ಆ ಲೆಕ್ಕಕ್ಕೆ ಸರಿಯಾಗಿ ಸಿಗುತ್ತಾನೆ. ಥಾಮಸ್ ಒಮ್ಮೆ ಆಳಕ್ಕೆ ಸರಿದರೆ ಮತ್ತೊಮ್ಮೆ ಓರೆಯಾಗಿ, ಇನ್ನೊಮ್ಮೆ ಹಿಂದೆಯೇ ಸರಿಯದೆ ಮೊದಲ ಹೆಜ್ಜೆಯಲ್ಲೇ ಎದುರಾಳಿಯ ಮೇಲೆ ಬೀಳುತ್ತಿದ್ದರು. ಈ ಕೊನೆಯದಕ್ಕೆ ಜಂಪ್ ಸೆಟ್ ಎಂದು ಹೆಸರು. ಗುರಿ ತಪ್ಪಿದರೆ ತಿದ್ದಿಕೊಳ್ಳಲು ಜಾಗವೂ ಇಲ್ಲ, ಸಮಯವೂ ಇಲ್ಲ. ಆದ್ದರಿಂದ ಚೆಂಡು ಬೇಗ ಕೈಬಿಡುವ ಆಟಗಳಲ್ಲಿ, ಅಥವಾ ಒಳಮಗ್ಗುಲಲ್ಲಿ ಗಾರ್ಡ್‌ನ ಆಸರೆ ಇದ್ದಾಗಲೇ ಅದು ಹೊಂದುತ್ತದೆ. ಯಾವಾಗ ಯಾವುದು ಬರುತ್ತದೆ ಎಂದು ತಿಳಿಯದ ದಾಳಿಕೋರ ಅರೆಕ್ಷಣ ತಡೆಯುತ್ತಾನೆ. ಅರೆಕ್ಷಣ ಸಾಕು.

ಪ್ರೋ ಫುಟ್‌ಬಾಲ್ ಫೋಕಸ್ ಸಂಸ್ಥೆಯ ಎಣಿಕೆಯಲ್ಲಿ ಥಾಮಸ್ ವೃತ್ತಿಜೀವನದಲ್ಲಿ ಎಸೆತಕ್ಕೆ ರಕ್ಷಣೆ ಕೊಟ್ಟದ್ದು 6,680 ಸಲ, ಅವರಿಂದಾಗಿ ಕ್ವಾರ್ಟರ್‌ಬ್ಯಾಕ್ ಚೆಂಡಿನೊಂದಿಗೆ ನೆಲಕ್ಕೆ ಬಿದ್ದದ್ದು 30 ಸಲ. ಸುಮಾರು 220ಕ್ಕೆ ಒಂದು. ಹತ್ತೂವರೆ ಸೀಸನ್ ಉದ್ದಕ್ಕೂ ಹರಡಿದ ಸಂಖ್ಯೆ ಇದು, ವರ್ಷಕ್ಕೆ ಮೂರು ಕೂಡ ಬೀಳುವುದಿಲ್ಲ.

ಐವರ ನೊಗ

ಹಾಗಾದರೆ 119 ಸೋಲು ಎಲ್ಲಿಂದ ಬಂದವು? ಬ್ರೌನ್ಸ್ 2007ರಲ್ಲಿ 10 ಗೆದ್ದು 6 ಸೋತಿತು. ಅಷ್ಟೇ ಗೆಲುವು ಪಡೆದ ಟೆನೆಸಿ ಸಮಬಲ ಮುರಿಯುವ ನಿಯಮದಲ್ಲಿ ಪ್ಲೇಆಫ್‌ಗೆ ಹೋಯಿತು, ಕ್ಲೀವ್‌ಲ್ಯಾಂಡ್ ಮನೆಗೆ ಹೋಯಿತು. ಥಾಮಸ್ ಅವರ ಪೂರ್ತಿ ಸೀಸನ್‌ಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಿದ್ದದ್ದು ಆ ಒಂದು ವರ್ಷ ಮಾತ್ರ.

ಅವರು ಆಡಿದ ಕಾಲದಲ್ಲಿ ಮುಖ್ಯ ತರಬೇತುದಾರರು 6 ಜನ: ರೋಮಿಯೋ ಕ್ರೆನೆಲ್, ಎರಿಕ್ ಮಂಜೀನಿ, ಪ್ಯಾಟ್ ಶರ್ಮರ್, ರಾಬ್ ಚಡ್ಜಿನ್ಸ್ಕಿ, ಮೈಕ್ ಪೆಟೀನ್, ಹ್ಯೂ ಜಾಕ್ಸನ್. ಅವರ ಬೆನ್ನ ಹಿಂದೆ ನಿಂತು ಪಂದ್ಯ ಆರಂಭಿಸಿದ ಕ್ವಾರ್ಟರ್‌ಬ್ಯಾಕ್‌ಗಳು 20 ಜನ. ಮೊದಲನೆಯವರಾದ ಚಾರ್ಲಿ ಫ್ರೈ 2007ರ ಮೊದಲ ಪಂದ್ಯ ಆರಂಭಿಸಿದ ಎರಡೇ ದಿನಕ್ಕೆ ಸಿಯಾಟಲ್‌ಗೆ ಹೋದರು.

ಲೈನ್‌ಮನ್‌ಗೆ ಇದರಿಂದ ಏನಾಗುತ್ತದೆ ಎಂದು ಹೊರಗಿನವರಿಗೆ ಸುಲಭಕ್ಕೆ ತೋಚದು. ಟ್ಯಾಕಲ್‌ಗೆ ಕ್ವಾರ್ಟರ್‌ಬ್ಯಾಕ್ ಬೆನ್ನ ಹಿಂದೆ ಇರುವುದರಿಂದ ಕಾಣುವುದಿಲ್ಲ. ಇಂಥ ಆಟದಲ್ಲಿ ಅವನು ಏಳು ಗಜ ಹಿಂದೆ, ಇಂಥಲ್ಲಿ ನಿಂತಿರುತ್ತಾನೆ ಎಂಬ ನಂಬಿಕೆಯ ಮೇಲೆ ಎದುರಾಳಿಯನ್ನು ಆ ಬಿಂದುವಿನ ಹೊರಗಿನಿಂದ ಸುತ್ತಿಸಿ ಕಳಿಸುತ್ತಾನೆ. ಒಬ್ಬ ಕ್ವಾರ್ಟರ್‌ಬ್ಯಾಕ್ ನಿಂತಲ್ಲೇ ನಿಂತು ಎಸೆಯುತ್ತಾನೆ, ಇನ್ನೊಬ್ಬ ಒತ್ತಡ ಬಂದೊಡನೆ ಹಿಂದೆ ಹಿಂದೆ ಸರಿಯುತ್ತಾನೆ. ಹಾಗೆ ಸರಿದವನು ಟ್ಯಾಕಲ್ ಸರಿಯಾಗಿಯೇ ಸುತ್ತಿಸಿ ಕಳಿಸಿದ ದಾಳಿಕೋರನ ದಾರಿಗೇ ಬೀಳುತ್ತಾನೆ. ಚೆಂಡು ಹಿಡಿದುಕೊಳ್ಳುವ ಅವಧಿ, ಸ್ನ್ಯಾಪ್ ಕೂಗುವ ಲಯ, ಎಲ್ಲವೂ ಒಬ್ಬೊಬ್ಬರದು ಒಂದೊಂದು ರೀತಿ. ಎದುರಾಳಿಯ ಊರಿನಲ್ಲಿ ಗದ್ದಲಕ್ಕೆ ಕೂಗು ಕೇಳಿಸುವುದೇ ಇಲ್ಲ. ಗಾರ್ಡ್ ಸೆಂಟರ್‌ನನ್ನು ತಟ್ಟುತ್ತಾನೆ, ಸೆಂಟರ್ ತಲೆ ಎತ್ತಿ ತಗ್ಗಿಸುತ್ತಾನೆ, ಆಮೇಲೆ ಚೆಂಡು ಕದಲುತ್ತದೆ. ತುದಿಯಲ್ಲಿ ನಿಂತ ಟ್ಯಾಕಲ್ ಇದನ್ನೆಲ್ಲ ಓರೆಗಣ್ಣಿನಲ್ಲಿ ನೋಡಿಯೇ ಹೊರಡಬೇಕು.

ಐವರಲ್ಲಿ ಒಬ್ಬರೇ ಎಷ್ಟು ಚೆನ್ನಾಗಿದ್ದರೂ ಎತ್ತು ಏರಿಗೆ, ಕೋಣ ನೀರಿಗೆ ಆದರೆ ಗಾಡಿ ಸಾಗದು. 2014ರ ಸಾಲು ಚೆನ್ನಾಗಿತ್ತು: ಥಾಮಸ್, ಪಕ್ಕದಲ್ಲಿ ಆ ವರ್ಷವೇ ಬಂದ ಗಾರ್ಡ್ ಜೋಯೆಲ್ ಬಿಟೋನಿಯೊ, ಸೆಂಟರ್ ಅಲೆಕ್ಸ್ ಮ್ಯಾಕ್, ಬಲತುದಿಯಲ್ಲಿ ಮಿಚೆಲ್ ಶ್ವಾರ್ಟ್ಸ್. ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಮ್ಯಾಕ್ ಕಾಲು ಮುರಿಯಿತು. ಎದುರಾಳಿಯ ಹೂಟವನ್ನು ಓದಿ ಯಾರು ಯಾರನ್ನು ತಡೆಯಬೇಕೆಂದು ಹೇಳುವವನು ಸೆಂಟರ್. ಅವನು ಹೋದ ಮೇಲೆ ಓಟದ ಆಟದ ಬಿರುಸು ಇಳಿಯಿತು. 7 ಗೆದ್ದು 4 ಸೋತಿದ್ದ ತಂಡ ಕೊನೆಯ ಐದೂ ಪಂದ್ಯಗಳನ್ನು ಸೋತಿತು. 2016ರ ವಸಂತದಲ್ಲಿ ಮ್ಯಾಕ್ ಅಟ್ಲಾಂಟಾಕ್ಕೆ, ಶ್ವಾರ್ಟ್ಸ್ ಕಾನ್ಸಾಸ್ ಸಿಟಿಗೆ ಹೋದರು. ಅದೇ ಸೀಸನ್‌ನಲ್ಲಿ ಬ್ರೌನ್ಸ್ ಕ್ವಾರ್ಟರ್‌ಬ್ಯಾಕ್‌ಗಳು 66 ಸಲ ನೆಲಕ್ಕೆ ಬಿದ್ದರು, ತಂಡ ಒಂದೇ ಪಂದ್ಯ ಗೆದ್ದಿತು. ಮ್ಯಾಕ್ ಅದೇ ಸೀಸನ್‌ನಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಆಡಿದರು. ಶ್ವಾರ್ಟ್ಸ್ 2019ರ ಸೀಸನ್‌ನಲ್ಲಿ ಗೆದ್ದೇ ಬಿಟ್ಟರು. ಅವರದೇ ಸತತ ಸ್ನ್ಯಾಪ್ ಸರಣಿ 7,894ಕ್ಕೆ ಮುಟ್ಟಿ 2019ರ ನವೆಂಬರ್‌ನಲ್ಲಿ ಮೊಣಕಾಲಿನ ಪೆಟ್ಟಿಗೆ ನಿಂತಿತು.

ಇಲ್ಲಿಂದ ನಮಗೆ ಕಾಣುವುದು ಇಷ್ಟು: ಶ್ರೇಷ್ಠ ಲೆಫ್ಟ್ ಟ್ಯಾಕಲ್ ತಂಡದ ನೆಲಗಟ್ಟನ್ನು ಭದ್ರ ಮಾಡಬಲ್ಲ, ಚಾವಣಿ ಎತ್ತರಿಸಲಾರ. ಎಡ ತುದಿ ಮುಚ್ಚಿದಷ್ಟೂ ಎದುರಾಳಿ ತರಬೇತುದಾರರು ತಮ್ಮ ಒಳ್ಳೆಯ ದಾಳಿಕೋರನನ್ನು ಬಲಕ್ಕೋ ನಡುವಿಗೋ ಕಳಿಸುತ್ತಾರೆ. ಗೆದ್ದ ಜಾಗದಿಂದ ಆಟವೇ ಬೇರೆಡೆಗೆ ಸರಿದುಹೋಗುತ್ತದೆ.

ಬಿಟ್ಟು ಹೋಗಬಹುದಿತ್ತು

2011ರ ಆಗಸ್ಟ್‌ನಲ್ಲಿ ಥಾಮಸ್ ಇನ್ನೂ ಏಳು ವರ್ಷಗಳಿಗೆ ಕ್ಲೀವ್‌ಲ್ಯಾಂಡ್‌ಗೇ ಸಹಿ ಹಾಕಿದರು, ಮೊತ್ತ 8 ಕೋಟಿ ಡಾಲರ್‌ಗೂ ಮೇಲೆ. 2015ರ ನವೆಂಬರ್ ಆರಂಭದಲ್ಲಿ, ಆಟಗಾರರ ವಿನಿಮಯದ ಗಡುವಿನ ದಿನ, ಅವರನ್ನು ಡೆನ್ವರ್‌ಗೆ ಕಳಿಸುವ ಮಾತುಕತೆ ಕೊನೆಯ ಗಳಿಗೆಯವರೆಗೆ ನಡೆದು ಮುರಿದುಬಿತ್ತು. ಮೂರು ತಿಂಗಳ ನಂತರ ಡೆನ್ವರ್ 50ನೇ ಸೂಪರ್ ಬೌಲ್ ಗೆದ್ದಿತು. ಥಾಮಸ್ ಬೆರಳಿಗೆ ಚಾಂಪಿಯನ್ನರಿಗೆ ಸಿಗುವ ಉಂಗುರ ಬರಬಹುದಾಗಿದ್ದ ದಾರಿ ಅದೊಂದೇ ಎನಿಸುತ್ತದೆ, ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ಮೈಯ ಲೆಕ್ಕ

10,363ರ ಗುಟ್ಟನ್ನು ಬರೀ ಗಟ್ಟಿತನಕ್ಕೆ ಹಾಕುವುದು ತಪ್ಪು. ಲೈನ್‌ಮನ್‌ಗಳಿಗೆ ಪೆಟ್ಟಾಗುವುದು ಹೆಚ್ಚಾಗಿ ಸಮತೋಲ ತಪ್ಪಿ ನೆಲದ ಮೇಲಿದ್ದಾಗ, ಅಥವಾ ಬೇರೆಯವರು ಹಿಂದಿನಿಂದ ಕಾಲಿನ ಮೇಲೆ ಉರುಳಿದಾಗ. ನಿಂತುಕೊಂಡೇ ಆಟ ಮುಗಿಸುವವನಿಗೆ, ಕಾಲನ್ನು ನೆಟ್ಟು ನಿಲ್ಲದೆ ಸದಾ ಸರಿಸುತ್ತಿರುವವನಿಗೆ ಆ ಅಪಾಯ ಕಡಿಮೆ. ತಂತ್ರವೇ ಒಂದು ಮಟ್ಟಿಗೆ ರಕ್ಷಾಕವಚ. ಉಳಿದದ್ದಕ್ಕೆ ನೋವು ನುಂಗಿಕೊಂಡರು. ಕೊನೆಯ ಸೀಸನ್‌ಗಳಲ್ಲಿ ಮೊಣಕಾಲು ಸವೆದು, ವಾರದ ನಡುವಿನ ಅಭ್ಯಾಸವನ್ನು ಕಡಿಮೆ ಮಾಡಿ ಭಾನುವಾರಕ್ಕೆ ಮೈ ಉಳಿಸಿಕೊಳ್ಳುತ್ತಿದ್ದರು. ಹತ್ತಿರದ ಸಂಗತಿಗಳು ಮರೆತುಹೋಗುತ್ತಿವೆ ಎಂದು 2017ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು.

ಕೊನೆಗೆ ಹರಿದದ್ದು ಮೊಣಕಾಲಲ್ಲ, ತೋಳು. ಟ್ರೈಸೆಪ್ಸ್ ಮೊಣಕೈಯನ್ನು ನೇರ ಮಾಡುವ ಸ್ನಾಯು, ಅಂದರೆ ಟ್ಯಾಕಲ್ ಗುದ್ದುವ ಸ್ನಾಯು. ಅದು ಬಿಗಿದು ತಳ್ಳುತ್ತಿರುವಾಗಲೇ ಎದುರಿನ ಭಾರ ಮೊಣಕೈಯನ್ನು ಮಡಚಿದರೆ ಸ್ನಾಯು ಮೂಳೆಗೆ ಅಂಟಿದ ಜಾಗದಲ್ಲಿ ಕಿತ್ತು ಬರುತ್ತದೆ. ಒಂದೇ ಕೈಯಲ್ಲಿ ಭಾರ ಹೊರುವ ವೃತ್ತಿಯಲ್ಲಿ ಇದು ಅಪರೂಪವಲ್ಲ. 2018ರ ಮಾರ್ಚ್ 14ರಂದು, 33ನೆಯ ವಯಸ್ಸಿಗೆ, ನಿವೃತ್ತಿ.

ತೂಕದ ಕಥೆ ಬೇರೆಯೇ ಇದೆ. 140 ಕಿಲೊದ ಮೈ ಥಾಮಸ್‌ಗೆ ಸಹಜವಾಗಿರಲಿಲ್ಲ. ಹಸಿವಿರಲಿ ಬಿಡಲಿ, ಎರಡು ಮೂರು ಗಂಟೆಗೊಮ್ಮೆ ತಿಂದು ಕಟ್ಟಿ ನಿಲ್ಲಿಸಿದ್ದು ಅದು. ಆಟ ನಿಂತ ಮೇಲೆ ಅನ್ನ, ಬ್ರೆಡ್, ಸಿಹಿಯಂಥವನ್ನು ಕಡಿಮೆ ಮಾಡಿ, ಊಟದ ನಡುವೆ ದೀರ್ಘ ಉಪವಾಸವಿಟ್ಟು, ಮೊಣಕಾಲಿಗೆ ಭಾರ ಬೀಳದ ಈಜಿನಂಥ ವ್ಯಾಯಾಮ ಹಿಡಿದು ಒಂದು ವರ್ಷದೊಳಗೆ 20 ಕಿಲೊಗೂ ಹೆಚ್ಚು ಇಳಿಸಿದರು. ನಿವೃತ್ತ ಲೈನ್‌ಮನ್‌ಗಳು ಎಡವುವುದು ಇಲ್ಲೇ. ದಿನದ ದುಡಿಮೆ ನಿಲ್ಲುತ್ತದೆ, ತಟ್ಟೆಯ ಅಳತೆ ಹಾಗೇ ಉಳಿಯುತ್ತದೆ, ಸವೆದ ಕೀಲಿನ ಮೇಲೆ ಅದೇ ಭಾರ.

2018ರ ಸೆಪ್ಟೆಂಬರ್ 20ರ ಗುರುವಾರ ರಾತ್ರಿ ಕ್ಲೀವ್‌ಲ್ಯಾಂಡ್ ಕ್ರೀಡಾಂಗಣದ ಗೌರವ ಸಾಲಿನಲ್ಲಿ ಥಾಮಸ್ ಹೆಸರಿನೊಂದಿಗೆ 10,363 ಎಂಬ ಅಂಕಿಯನ್ನು ಅನಾವರಣ ಮಾಡಲಾಯಿತು. ಅದೇ ರಾತ್ರಿ ಬ್ರೌನ್ಸ್ ಜೆಟ್ಸ್ ತಂಡವನ್ನು 21-17ರಿಂದ ಸೋಲಿಸಿತು. 2016ರ ಡಿಸೆಂಬರ್ 24ರ ನಂತರ ಅದು ಮೊದಲ ಗೆಲುವು, ನಡುವೆ ಕಳೆದದ್ದು 635 ದಿನ. 2023ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್ ಇರುವ ಒಹಾಯೋ ರಾಜ್ಯದ ಕ್ಯಾಂಟನ್‌ನಲ್ಲಿ ಹಾಲ್ ಆಫ್ ಫೇಮ್ ಪ್ರವೇಶ. ಆ ವರ್ಷ ಜೊತೆಗೆ ಒಳಹೋದವರಲ್ಲಿ ಒಬ್ಬರು ಡಿಮಾರ್ಕಸ್ ವೇರ್, ಟ್ಯಾಕಲ್‌ಗಳನ್ನು ದಾಟಿ ಕ್ವಾರ್ಟರ್‌ಬ್ಯಾಕ್ ಕೆಡವುವುದನ್ನೇ ವೃತ್ತಿಯಾಗಿಸಿಕೊಂಡವರು.

ಖಾಲಿಯಾದ ಜಾಗಕ್ಕೆ ಬ್ರೌನ್ಸ್ 2017ರಲ್ಲಿ ಸ್ಪೆನ್ಸರ್ ಡ್ರಾಂಗೊ ಅವರನ್ನು ನಿಲ್ಲಿಸಿತು. 2018ರ ಆರಂಭದಲ್ಲಿ ಆಯ್ಕೆಯಲ್ಲಿ ಯಾರೂ ಕರೆಯದಿದ್ದ ಹೊಸಬ ಡೆಸ್ಮಂಡ್ ಹ್ಯಾರಿಸನ್, ಆ ಸೀಸನ್‌ನ ಉತ್ತರಾರ್ಧಕ್ಕೆ ಗ್ರೆಗ್ ರಾಬಿನ್ಸನ್. 2020ರಲ್ಲಿ 10ನೇ ಆಯ್ಕೆಯನ್ನು ಖರ್ಚು ಮಾಡಿ ಅಲಬಾಮಾದ ಜೆಡ್ರಿಕ್ ವಿಲ್ಸ್ ಅವರನ್ನು ತಂದಿತು. ವಿಲ್ಸ್ ಕಾಲೇಜಿನಲ್ಲಿ ಆಡಿದ್ದು ಬಲತುದಿಯಲ್ಲಿ. ಕ್ಲೀವ್‌ಲ್ಯಾಂಡ್‌ಗೆ ಬಂದು ಅವರು ಮೊದಲು ಮಾಡಬೇಕಾದ ಕೆಲಸ ಎಡಗಾಲನ್ನು ಹಿಂದಿಟ್ಟು, ಬಲಗಾಲಿನಿಂದ ನೆಲ ಒದ್ದು ಸರಿಯುವುದನ್ನು ಕಲಿಯುವುದಾಗಿತ್ತು.